ಕಳೆದುಹೋದ ಸೀಟು

ಕಲ್ಯಾಣ ನಗರದವನಾದ ನನಗೆ ಬೈಯಪ್ಪನಹಳ್ಳಿಯೇ ಮೆಟ್ರೋದ ಹೆಬ್ಬಾಗಿಲು. 2011ರ ಅಕ್ಟೋಬರ್ 20ರಂದು ಅಲ್ಲಿಂದ ಮಹಾತ್ಮಾ ಗಾಂಧಿ ರಸ್ತೆಗೆ ಮೊದಲ ಗಾಡಿ ಓಡಿತು. ಬೋಗಿ ಮೂರೇ, ಆದರೆ ಹೊರಡುವುದೇ ಅಲ್ಲಿಂದಾದ್ದರಿಂದ ಮೊಣಕಾಲು ನೋವಿನ ನನ್ನಾಕೆಗೆ ಮೂಲೆಯ ಸೀಟು ಕಾದಿಟ್ಟಂತೆಯೇ ಸಿಗುತ್ತಿತ್ತು.

2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ ಮೆಟ್ರೋ ಬಂದಿತು. ನಡುವೆ ಉಳಿದದ್ದು ಸುಮಾರು ಎರಡೇ ಕಿಲೋಮೀಟರು. “ಇಷ್ಟನ್ನು ಕೂಡಿಸಲು ಏನು ಧಾಡಿ?” ಎಂದು ಸಿಕ್ಕವರೆದುರೆಲ್ಲ ಭಾಷಣ ಬಿಗಿದವನು ನಾನೇ. ಅಕ್ಟೋಬರ್ 9ರಂದು ಕೂಡಿತು. ಮರುದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಆರು ಬೋಗಿಯ ಗಾಡಿ ತುಂಬಿಕೊಂಡೇ ಬರುತ್ತಿದೆ! ತೌರಾಗಿದ್ದ ನಿಲ್ದಾಣ ನಡುದಾರಿಯ ಛತ್ರವಾಗಿತ್ತು.

ನನ್ನಾಕೆ ಕಂಬ ಹಿಡಿದು ನಿಂತಳು. ನಾನು ಮನಸ್ಸಿನಲ್ಲೇ ವೈಟ್‌ಫೀಲ್ಡನ್ನು ಶಪಿಸಿದೆ. ಅಷ್ಟರಲ್ಲಿ ಒಬ್ಬ ಹುಡುಗ ಎದ್ದು, “ಕೂತ್ಕೊಳ್ಳಿ ಅಮ್ಮ” ಎಂದ.

“ನಿನಗೆ ಕಷ್ಟವಾಗೋದಿಲ್ಲವೇನಪ್ಪ?”

“ಮೊನ್ನೆವರೆಗೂ ನಡುವೆ ಇಳಿದು ಬಸ್ಸು ಹಿಡೀಬೇಕಿತ್ತಮ್ಮ. ಇವತ್ತು ಅರ್ಧ ಗಂಟೆ ಹೆಚ್ಚು ಮಲಗಿದ್ದೆ.”

ನಾನು ಕಳೆದುಕೊಂಡ ಸೀಟು ಅವನಿಗೆ ಅರ್ಧ ಗಂಟೆಯ ನಿದ್ದೆಯಾಗಿತ್ತು. ಶಾಪವನ್ನು ನುಂಗಿಕೊಂಡೆ.

ಈಗ ವಿಮಾನ ನಿಲ್ದಾಣದ ಮಾರ್ಗದಲ್ಲಿ ನಮ್ಮ ಕಲ್ಯಾಣ ನಗರಕ್ಕೂ ಒಂದು ನಿಲ್ದಾಣವುಂಟು. ಅದೂ ನಡುದಾರಿಯದೇ. ನನ್ನಾಕೆ ಹೇಳಿಟ್ಟಿದ್ದಾಳೆ: “ಇನ್ನು ಭಾಷಣ ಸಾಕು; ನಿಲ್ಲೋದನ್ನು ಕಲಿತುಕೊಳ್ಳಿ.”