ಹನ್ನೊಂದು ಗಂಟೆಯ ಮುದ್ದೆ

ಬೆಂಗಳೂರಿನಲ್ಲಿ ಗುರುತಿನವರು ಎದುರಾದರೆ ಮೊದಲು ಬರುವ ಮಾತು ‘ತಿಂಡಿ ಆಯ್ತಾ?’. ಮಧ್ಯಾಹ್ನ ದಾಟಿದ್ದರೆ ‘ಊಟ ಆಯ್ತಾ?’. ಇದರಲ್ಲಿ ಗಡಿಯಾರವೂ ಇದೆ, ಅಕ್ಕರೆಯೂ ಇದೆ. ಆದರೆ ಭಾನುವಾರ ಬೆಳಿಗ್ಗೆ 11 ಗಂಟೆಗೆ ಸಿಕ್ಕವರನ್ನು ಏನೆಂದು ಕೇಳಬೇಕು, ನೀವೇ ಹೇಳಿ? ತಿಂಡಿಯ ಹೊತ್ತು ಮೀರಿದೆ, ಊಟದ ಹೊತ್ತು ಬಂದಿಲ್ಲ. ದರ್ಶಿನಿಗೆ ಹೋದರೆ ಇಡ್ಲಿ ಪಾತ್ರೆ ತೊಳೆಯಲು ಹೋಗಿರುತ್ತದೆ. ಕೌಂಟರಿನ ಹುಡುಗ ‘ತಿಂಡಿ ಖಾಲಿ ಸಾರ್, ಊಟ ಇನ್ನೊಂದು ಗಂಟೆ’ ಎನ್ನುತ್ತಾನೆ. ಆ ಒಂದು ಗಂಟೆಯ ಬಗ್ಗೆ ನನಗೆ ಬಹಳ ದಿನದಿಂದ ಪ್ರೀತಿ. ಇವತ್ತು ಅದರ ಬಗ್ಗೆಯೇ ಮಾತಾಡೋಣ ಎಂದು ಕೂತಿದ್ದೇನೆ.

ನೆವ ಒದಗಿಸಿದವಳು ಅಕ್ಕನ ಮಗಳು. ಹುಟ್ಟಿ ಬೆಳೆದದ್ದು ಆರ್.ಟಿ. ನಗರದಲ್ಲಿ, ಈಗ ಇರುವುದು ಅಟ್ಲಾಂಟಾದಲ್ಲಿ. (ಆರ್.ಟಿ. ನಗರ ಎಂದರೆ ರವೀಂದ್ರನಾಥ ಟ್ಯಾಗೋರ್ ನಗರ. ಹೆಸರು ಗಿಡ್ಡವಾಗುತ್ತಾ ಆಗುತ್ತಾ ಆ ಕವಿ ಎರಡು ಅಕ್ಷರದೊಳಗೆ ಸೇರಿಹೋಗಿದ್ದಾರೆ. ಯಾರಾದರೂ ಬಾಯ್ತುಂಬ ಪೂರ್ತಿ ಹೆಸರು ಹೇಳಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.) ರಜೆಗೆ ಬಂದವಳು ಶನಿವಾರ ರಾತ್ರಿ ಫೋನ್ ಮಾಡಿ, ‘ಮಾಮ, ನಾಳೆ ನಿಮ್ಮ ಯಲಹಂಕದ ಕಡೆ ಬರ್ತೀನಿ. ಬ್ರಂಚಿಗೆ ಎಲ್ಲಿಗೆ ಹೋಗೋಣ?’ ಅಂದಳು. ಅವಳ ಊರಿನಲ್ಲಿ ಭಾನುವಾರವೆಂದರೆ ಅದೇ. ಚರ್ಚ್ ಬಿಟ್ಟ ಮೇಲೆ ಇಡೀ ಸಂಸಾರ ಬೀದಿಯ ಕೊನೆಯ ಹೋಟೆಲಿಗೆ ಹೋಗುತ್ತದೆ. ಬಿಸ್ಕತ್ತು ಎಂದು ಕರೆಯುವ, ಆದರೆ ಬನ್ನಿನ ಹಾಗೆ ಮೆತ್ತಗಿರುವ ತಿನಿಸು, ಅದರ ಮೇಲೆ ಬಿಳಿ ಗ್ರೇವಿ, ಕರಿದ ಕೋಳಿ, ಬೇಯಿಸಿದ ಸೊಪ್ಪು, ಗ್ರಿಟ್ಸ್. ಗ್ರಿಟ್ಸ್ ಅಂದರೇನು ಎಂದು ಕೇಳಿದ್ದಕ್ಕೆ ಅವಳು ವಿವರಿಸುತ್ತಾ ಹೋದಳು. ಮುಸುಕಿನ ಜೋಳವನ್ನು ತರಿತರಿಯಾಗಿ ಒಡೆದು, ನೀರಲ್ಲಿ ನಿಧಾನಕ್ಕೆ ಬೇಯಿಸಿ, ಮೇಲೆ ಬೆಣ್ಣೆ ಹಾಕುತ್ತಾರಂತೆ. ಅರ್ಧ ಕೇಳುವಷ್ಟರಲ್ಲಿ ‘ಅಯ್ಯೋ ಪುಟ್ಟಿ, ಅದು ನುಚ್ಚಲ್ಲವೇ!’ ಎಂದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಬಿಳಿಜೋಳದ ನುಚ್ಚು ಮಾಡಿ ಮಜ್ಜಿಗೆ ಸುರಿದು ಉಣ್ಣುವುದಿಲ್ಲವೇ? ಕಾಳು ಬೇರೆ, ಕೈಕೆಲಸ ಒಂದೇ.

ಬ್ರಂಚ್ ಎಂಬ ಪದಕ್ಕೂ ಒಂದು ಕತೆಯಿದೆ. 1895ರಲ್ಲಿ ಇಂಗ್ಲೆಂಡಿನ ಗೈ ಬೆರಿಂಜರ್ ಎಂಬಾತ ‘ಹಂಟರ್ಸ್ ವೀಕ್ಲಿ’ ಎಂಬ ಪತ್ರಿಕೆಯಲ್ಲಿ ಈ ಊಟದ ಪರವಾಗಿ ಒಂದು ಲೇಖನ ಬರೆದ. ಶನಿವಾರ ರಾತ್ರಿ ತಡವಾಗಿ ಮಲಗಿದವರು ಭಾನುವಾರ ತಡವಾಗಿ ಏಳಲಿ, ತಿಂಡಿ ಊಟ ಎರಡನ್ನೂ ಒಟ್ಟಿಗೆ ಮುಗಿಸಲಿ, ಮನಸ್ಸು ಹಗುರವಾಗುತ್ತದೆ ಎಂಬುದು ಅವನ ವಾದ. ವಾದ ಚೆನ್ನಾಗಿಯೇ ಇದೆ. ಆದರೆ ನಮ್ಮ ಕಡೆ 11 ಗಂಟೆಯ ಊಟ ಹುಟ್ಟಿದ್ದು ತಡವಾಗಿ ಎದ್ದವರಿಗಾಗಿ ಅಲ್ಲ, ತೀರಾ ಬೇಗ ಎದ್ದವರಿಗಾಗಿ. ಈ ವ್ಯತ್ಯಾಸ ನನ್ನ ಮನಸ್ಸಿಗೆ ತುಂಬ ಹತ್ತಿರದ್ದು.

ಯಶವಂತಪುರದ ಎಪಿಎಂಸಿ ಯಾರ್ಡ್ ನೋಡಿದ್ದೀರಾ? ಬೆಳಕು ಹರಿದ ಮೇಲೆ ನೋಡಿದ್ದರೆ ಅದು ನೋಡಿದ್ದಲ್ಲ. ಈರುಳ್ಳಿ, ಆಲೂಗಡ್ಡೆ ಹೊತ್ತ ಲಾರಿಗಳು ಕತ್ತಲಲ್ಲೇ ಬಂದು ನಿಲ್ಲುತ್ತವೆ. ತಲೆಗೆ ಟವಲು ಸುತ್ತಿದ ಹಮಾಲರು ಮೂಟೆಯನ್ನು ಬೆನ್ನಿಗೆ ಏರಿಸಿಕೊಂಡು ಹಲಗೆಯ ಮೇಲೆ ಇಳಿಯುತ್ತಾರೆ. ವಯಸ್ಸಿನಲ್ಲಿ ಒಂದು ವರ್ಷ ಅಲ್ಲಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮೂರಕ್ಕೆ ಕೆಲಸ ಹಿಡಿದವರಿಗೆ ಆರಕ್ಕೆ ಒಂದು ಟೀ, ಒಂದು ಬನ್ನು. ಹತ್ತೂವರೆ ಹನ್ನೊಂದರ ಹೊತ್ತಿಗೆ ಕೈಗೆ ಕೂಲಿ, ಹೊಟ್ಟೆಯಲ್ಲಿ ಬೆಂಕಿ. ಆ ಹಸಿವಿಗೆ ಎರಡು ಇಡ್ಲಿ ಎಲ್ಲಿ ಸಾಕಾಗುತ್ತದೆ? ಅವರು ಹೋಗುತ್ತಿದ್ದದ್ದು ಮಿಲಿಟರಿ ಹೋಟೆಲಿಗೆ. ಹೊಸಕೋಟೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಬಿರಿಯಾನಿಗೆ ಸಾಲು ನಿಲ್ಲುತ್ತಾರೆ ಎಂದು ಈಗ ಹುಡುಗರು ಕಾರು ಮಾಡಿಕೊಂಡು ಹೋಗುತ್ತಾರಲ್ಲ, ಆ ಹೊತ್ತಿಗೆ ಮಾಂಸದೂಟ ನಮಗೆ ಹೊಸದೇನಲ್ಲ.

ಮಿಲಿಟರಿ ಹೋಟೆಲ್ ಎಂಬ ಹೆಸರು ಎಲ್ಲಿಂದ ಬಂತು? ಮರಾಠಾ ದಂಡಿಗೆ ಅಡುಗೆ ಮಾಡಿದ ಮನೆತನಗಳಿಂದ ಎನ್ನುವವರಿದ್ದಾರೆ, ದಂಡು ಪ್ರದೇಶದ ಸಿಪಾಯಿಗಳಿಂದ ಎನ್ನುವವರೂ ಇದ್ದಾರೆ. ಹೇಗೇ ಬಂದಿರಲಿ, ಬೋರ್ಡಿನ ಮೇಲೆ ಆ ಒಂದು ಪದ ಇದ್ದರೆ ಒಳಗೆ ಏನು ಸಿಗುತ್ತದೆ ಎಂದು ಯಾರೂ ಕೇಳಬೇಕಾಗಿಲ್ಲ.

ಪುಟ್ಟಿಯ ಕಾರು ಹೆಬ್ಬಾಳದ ಮೇಲ್ಸೇತುವೆ ಹತ್ತಿ ಇಳಿದು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ದಾಟಿ, ಜಕ್ಕೂರು ದಾಟಿ ನಮ್ಮ ಮನೆ ತಲುಪುವ ಹೊತ್ತಿಗೆ ಸರಿಯಾಗಿ 11 ಗಂಟೆ. ಯಲಹಂಕ ಬೆಂಗಳೂರಿಗಿಂತ ಹಿರಿಯ ಊರು, ತಿಳಿದಿರಲಿ. 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದ ಕೆಂಪೇಗೌಡರು ಯಲಹಂಕದ ನಾಡಪ್ರಭುಗಳು. ಉಪನಗರ ಬಂದದ್ದು ಎಷ್ಟೋ ಆಮೇಲೆ. ನಾನು ಅವಳನ್ನು ಕರೆದೊಯ್ದದ್ದು ಹಳೆ ಊರಿನ ಒಂದು ಮಿಲಿಟರಿ ಹೋಟೆಲಿಗೆ. ಆರು ಮೇಜು. ಗೋಡೆಗೆ ಒರಗಿಸಿದ ಕಪ್ಪು ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಇಡ್ಲಿ, ಕಾಲ್ ಸೂಪು, ಬೋಟಿ ಗೊಜ್ಜು, ತಲೆಮಾಂಸ, ಕೈಮಾ ಉಂಡೆ, ನಾಟಿ ಕೋಳಿ ಸಾರು, ಮುದ್ದೆ, ದೊನ್ನೆ ಬಿರಿಯಾನಿ. ಕೊನೆಯ ಸಾಲಿನಲ್ಲಿ ಬಸ್ಸಾರು. ಮಾಂಸ ತಿನ್ನದವರು ಜೊತೆಗೆ ಬಂದರೆ ಅವರೂ ಉಣ್ಣಲಿ ಎಂದು ಹೋಟೆಲಿನ ಅಮ್ಮ ದಿನಾ ಒಂದು ಪಾತ್ರೆ ಬಸ್ಸಾರು ಮಾಡಿಸುತ್ತಾರೆ.

ನಮ್ಮ ಕಡೆಯ ಮಿಲಿಟರಿ ಹೋಟೆಲುಗಳಿಗೆ ಇನ್ನೊಂದು ಪಂಚಾಂಗವಿದೆ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆಯುತ್ತದಲ್ಲ, ಆಗ ಸುತ್ತಮುತ್ತ ಮಾಂಸ ಮಾರುವಂತಿಲ್ಲ, ಬಡಿಸುವಂತಿಲ್ಲ. 2023ರಲ್ಲಿ 10 ಕಿಲೋಮೀಟರ್ ವ್ಯಾಪ್ತಿಗೆ, 2025ರಲ್ಲಿ 13 ಕಿಲೋಮೀಟರಿಗೆ ಪಾಲಿಕೆ ಹೀಗೆ ಆದೇಶಿಸಿತು. ಎಸೆದ ಮಾಂಸದ ಚೂರಿಗೆ ಹದ್ದುಗಳು ಮುತ್ತುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಹಾರಿಸುವವನ ಜೀವಕ್ಕೇ ಅಪಾಯ. ಕಾರಣ ನ್ಯಾಯವಾದದ್ದೇ. ಆ ಮೂರು ನಾಲ್ಕು ವಾರ ಈ ಅಮ್ಮ ಬಾಗಿಲು ಹಾಕುವುದಿಲ್ಲ. ಅದು ಅವರೆಕಾಯಿಯ ಕಾಲ ನೋಡಿ. ಹಲಗೆ ಪೂರ್ತಿ ಒರೆಸಿ ‘ಅವರೆಕಾಳು ಸಾರು, ಮುದ್ದೆ’ ಎಂದಷ್ಟೇ ಬರೆಸುತ್ತಾರೆ. ಸೊಗಡಿನ ಅವರೆಯ ವಾಸನೆ ಬೀದಿಯ ತಿರುವಿಗೇ ಬರುತ್ತದೆ. ತಲೆಯ ಮೇಲೆ ಯುದ್ಧವಿಮಾನಗಳು ಗುಡುಗುತ್ತಿರುತ್ತವೆ, ಕೆಳಗೆ ನಾವು ಮುದ್ದೆ ಮುರಿಯುತ್ತಿರುತ್ತೇವೆ. ಆ ದಿನಗಳಿಗಾಗಿಯೇ ಕಾಯುವ ಗಿರಾಕಿಗಳಿದ್ದಾರೆ, ಅವರಲ್ಲಿ ನಾನೂ ಒಬ್ಬ.

ಎಲ್ಲಿದ್ದೆ? ಹಾಂ, ಪುಟ್ಟಿ. ಅಡುಗೆಮನೆ ಕಾಣುವ ಮೇಜೇ ಬೇಕೆಂದು ಹಿಡಿದು ಕೂತೆವು. ಮುದ್ದೆ ಆಗುವುದನ್ನು ಅವಳು ನೋಡಬೇಕೆಂಬುದು ನನ್ನ ಆಸೆ. ದೊಡ್ಡ ಪಾತ್ರೆಯಲ್ಲಿ ಎಸರು ಮರಳುತ್ತಿತ್ತು. ಅಡುಗೆಯಾತ ಮೊದಲು ಒಂದು ಲೋಟದಲ್ಲಿ ಕದಡಿದ ರಾಗಿ ಹಿಟ್ಟು ಸುರಿದ. ಎಸರು ಕಂದು ಬಣ್ಣಕ್ಕೆ ತಿರುಗಿ ಉಕ್ಕುವಾಗ ಒಣ ಹಿಟ್ಟನ್ನು ನಡುವೆ ಗುಡ್ಡದ ಹಾಗೆ ಸುರಿದು ಸುಮ್ಮನೆ ನಿಂತ. ಕಲಕಲಿಲ್ಲ. ಕೋಲಿನಿಂದ ಗುಡ್ಡದ ನಡುವೆ ಒಂದು ತೂತು ಮಾಡಿದ. ಆ ತೂತಿನಿಂದ ಎಸರು ಬುಗ್ಗೆಯ ಹಾಗೆ ಚಿಮ್ಮಿ ಚಿಮ್ಮಿ ಹಿಟ್ಟನ್ನು ನೆನೆಸಿತು. ಹೀಗೆ ಬೇಯಲು ಬಿಡುವ ತಾಳ್ಮೆ ಇಲ್ಲದವರ ಮುದ್ದೆ ಗಂಟುಗಂಟು. ಆಮೇಲೆ ಪಾತ್ರೆ ಕೆಳಗಿಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತೊಳಸತೊಡಗಿದ. ಭುಜದಿಂದ ಬರುವ ಬಲ ಅದು, ಮಣಿಕಟ್ಟಿನದಲ್ಲ. ಒದ್ದೆ ಬೆರಳಿನಿಂದ ಮುಟ್ಟಿ, ಅಂಟದಿದ್ದದ್ದು ನೋಡಿ, ನೀರು ಚಿಮುಕಿಸಿದ ಕಲ್ಲಿನ ಮೇಲೆ ಸುರಿದು ನಾದಿದ. ಅಂಗೈಯಲ್ಲಿ ಎರಡು ಸುತ್ತು ಸುತ್ತಿದ್ದಷ್ಟೇ, ಮುದ್ದೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ತಟ್ಟೆಗೆ ಬಂದ ಬಸ್ಸಾರನ್ನು ನೋಡಿ ಪುಟ್ಟಿ ಸುಮ್ಮನಾದಳು. ‘ಮಾಮ, ಇದನ್ನ ಹೇಗೆ ಮಾಡ್ತಾರೆ, ಇನ್ನೊಂದ್ಸಲ ಹೇಳಿ.’ ನಾನೇನು ಹೇಳಲಿ, ಹೆಸರಲ್ಲೇ ಇದೆ. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯಬೇಕು. ಬಸಿದ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿದರೆ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಅವಳ ಕಣ್ಣು ಅರಳಿತು. ಅಟ್ಲಾಂಟಾದ ಕಡೆಯೂ ಕಾಲರ್ಡ್ ಎಂಬ ಎಲೆಕೋಸಿನ ಜಾತಿಯ ಸೊಪ್ಪನ್ನು ಗಂಟೆಗಟ್ಟಲೆ ಬೇಯಿಸುತ್ತಾರಂತೆ. ಆ ಕಟ್ಟಿಗೆ ‘ಪಾಟ್ ಲಿಕರ್’ ಎಂದು ಹೆಸರು. ಜೋಳದ ಬ್ರೆಡ್ಡನ್ನು ಮುರಿದು ಅದರಲ್ಲಿ ಅದ್ದಿ ತಿನ್ನುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ಸೊಪ್ಪು ಧಣಿಯ ಮೇಜಿಗೆ ಹೋಗುತ್ತಿತ್ತು, ಕಟ್ಟು ಅಡುಗೆ ಮಾಡಿದವರ ಪಾಲಿಗೆ ಉಳಿಯುತ್ತಿತ್ತು, ಅದನ್ನು ಕುಡಿದೇ ಮಕ್ಕಳು ಬೆಳೆದವು ಎಂದು ಅಲ್ಲಿ ಹಿರಿಯರು ಹೇಳುತ್ತಾರಂತೆ. ಇದನ್ನು ಕೇಳಿ ನನ್ನ ಕೈ ತಟ್ಟೆಯಲ್ಲೇ ನಿಂತಿತು. ಹಲಗೆಯ ಮೇಲಿದ್ದ ಕಾಲು, ತಲೆ, ಬೋಟಿ ಕೂಡ ಉಳ್ಳವರು ಬೇಡವೆಂದು ಬಿಟ್ಟ ಭಾಗಗಳೇ ಅಲ್ಲವೇ? ಬಿಟ್ಟದ್ದನ್ನು ಹೀಗೆ ರುಚಿ ಮಾಡಿದವರ ಹೆಸರು ನಮಗೂ ಗೊತ್ತಿಲ್ಲ, ಅಲ್ಲಿಯವರಿಗೂ ಗೊತ್ತಿಲ್ಲ.

ಈ ನಂಟು ಇನ್ನೂ ಆಳಕ್ಕೆ ಹೋಗುತ್ತದೆ. ಅವತ್ತಿನ ಬಸ್ಸಾರು ಅಲಸಂದೆ ಕಾಳಿನದು. ಅಲಸಂದೆಯ ತೌರು ಆಫ್ರಿಕಾ. ಅಲ್ಲಿಂದ ಸೆರೆಯಾಗಿ ಹೋದವರೊಂದಿಗೆ ಅಮೆರಿಕದ ದಕ್ಷಿಣಕ್ಕೂ ಹೋಯಿತು. ಹೊಸ ವರ್ಷದ ದಿನ ಅಲಸಂದೆ, ಅನ್ನ ಬೆರೆಸಿದ ‘ಹಾಪಿಂಗ್ ಜಾನ್’ ಉಂಡರೆ ಶುಭ ಎಂದು ಅಲ್ಲಿ ನಂಬಿಕೆ. ಸಾರಿಗೆ ಬಿದ್ದ ಹುಣಿಸೆ, ಅದರ ತೌರೂ ಆಫ್ರಿಕಾ. ಇನ್ನು ರಾಗಿ? ನಮ್ಮ ಮಣ್ಣಿನದೇ ಎಂದು ನಾವು ಎದೆ ತಟ್ಟಿ ಹೇಳುವ ರಾಗಿ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದ ಮೂಡಣ ಎತ್ತರದ ನೆಲಗಳಿಂದ ಬಂದದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಅವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಹೆಚ್ಚು ಇಳುವರಿಯ ತಳಿ ತೆಗೆದು, ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿಸಿ ‘ಇಂಡಾಫ್’ ಎಂದು ಕರೆದರು. ದೂರದ ದಾಯಾದಿಗಳನ್ನು ಮತ್ತೆ ಒಂದು ಮನೆಗೆ ತಂದ ಹಾಗಾಯಿತು. ಆಮೇಲೆ ಬಂದ ಜಿಪಿಯು-28 ತಳಿ ಪುಟ್ಟಿ ಈಗಷ್ಟೇ ದಾಟಿ ಬಂದ ಜಿಕೆವಿಕೆಯದೇ. ಬೆಂಕಿ ರೋಗಕ್ಕೆ ಜಗ್ಗುವುದಿಲ್ಲ ಎಂದು ರೈತರು ಅದನ್ನು ಅಪ್ಪಿಕೊಂಡರು. ನಮ್ಮ ತಟ್ಟೆಯ ಮುದ್ದೆ ಯಾವ ತಳಿಯದೋ, ಅಮ್ಮನನ್ನು ಕೇಳಿದೆ. ‘ದೊಡ್ಡಬಳ್ಳಾಪುರದ ಕಡೆ ನಮ್ಮ ಅಣ್ಣನ ಹೊಲದ್ದು, ಅಷ್ಟೇ ನಂಗೊತ್ತು’ ಅಂದರು. ನನಗೆ ಅಷ್ಟು ಸಾಕಾಯಿತು.

ಪುಟ್ಟಿಗೆ ಮುದ್ದೆ ನುಂಗುವುದು ಮರೆತಿತ್ತು. ಮೊದಲ ತುತ್ತನ್ನು ಅಗಿದಳು. ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯರು ಕೂತಿದ್ದರು, ಹಳೆ ಊರಿನ ಕಡೆಯವರಿರಬೇಕು. ಕಕ್ಕುಲಾತಿಯಿಂದ ಬಗ್ಗಿ, ‘ಅಗೀಬಾರ್ದು ಕಣವ್ವ, ಸಾರಲ್ಲಿ ಹೊರಳ್ಸಿ ಹಂಗೇ ಬಿಟ್ಕೋ, ಅದೇ ಇಳೀತದೆ’ ಎಂದರು. ಅವಳು ಹಾಗೇ ಮಾಡಿದಳು. ಇಳಿಯಿತು. ಅವರು ತಮ್ಮ ತಟ್ಟೆಯ ಕಡೆ ತಿರುಗಿಕೊಂಡರು. ಯಾರದೋ ಮನೆಯ ಮಗಳಿಗೆ ಯಾರೋ ತುತ್ತು ಕಲಿಸಿದ್ದು ಅಲ್ಲಿ ಯಾರಿಗೂ ವಿಶೇಷ ಅನ್ನಿಸಲಿಲ್ಲ. 11 ಗಂಟೆಯ ಹೋಟೆಲಿನಲ್ಲಿ ಹೀಗೆಯೇ. ಎಂಟು ಗಂಟೆಯ ತಿಂಡಿಯಲ್ಲಿ ಎಲ್ಲರಿಗೂ ಬಸ್ಸಿನ ಅವಸರ, ಒಂದು ಗಂಟೆಯ ಊಟದಲ್ಲಿ ಬೆನ್ನ ಹಿಂದೆ ಸೀಟಿಗೆ ಕಾಯುವವರು. ನಡುವಿನ ಈ ಹೊತ್ತಿನಲ್ಲಿ ಮಾತ್ರ ಮಾತಿಗೆ ಜಾಗವಿರುತ್ತದೆ. ಅಮ್ಮ ಕೌಂಟರ್ ಬಿಟ್ಟು ಬಂದು ಅವಳ ಊರು, ಕೆಲಸ, ಮಕ್ಕಳು ಎಲ್ಲ ವಿಚಾರಿಸಿದರು. ಕೇಳದೆಯೇ ಇನ್ನರ್ಧ ಮುದ್ದೆ ಬಂತು. ಪಲ್ಯ ಎರಡನೇ ಸಲ ಬಂತು. ಬಾಳೆಹಣ್ಣು ತಿಂದು ಎದ್ದಾಗ ಹನ್ನೆರಡೂ ಮುಕ್ಕಾಲು.

ಅವಳು ಹಿಂದಿರುಗಿ ಮೂರು ವಾರವಾಗಿರಬೇಕು, ಒಂದು ಬೆಳಿಗ್ಗೆ ವಿಡಿಯೋ ಕರೆ ಬಂತು. ಅಲ್ಲಿ ಶನಿವಾರ ರಾತ್ರಿ. ನಾಳೆ ಪಕ್ಕದ ಮನೆಯವರನ್ನು ಬ್ರಂಚಿಗೆ ಕರೆದಿದ್ದಾಳಂತೆ. ಅವರು ಜಾರ್ಜಿಯಾದಲ್ಲೇ ತಲೆತಲಾಂತರದಿಂದ ಇರುವ ಕಪ್ಪು ಜನ, ಆ ಮನೆಯ ಅಜ್ಜಿಯೇ ಇವಳಿಗೆ ಕಾಲರ್ಡ್ ಸೊಪ್ಪು ಬೇಯಿಸಲು ಕಲಿಸಿದವರು. ಅದೇ ಸೊಪ್ಪು, ಅಲಸಂದೆ ಹಾಕಿ ಬಸ್ಸಾರು ಮಾಡಿ, ರುಚಿ ನೋಡಿ ಆಗಿತ್ತು. ಮುದ್ದೆ ಮಾತ್ರ ಕೈಕೊಟ್ಟಿತ್ತು. ಮರದ ಸೌಟಿನಲ್ಲಿ ತಿರುವಿ, ಸೌಟಿನ ಹಿಡಿ ಮುರಿದಿತ್ತು. ‘ಕೋಲು ಬೇಕು ಮಾಮ. ಸೂಟ್‌ಕೇಸಲ್ಲಿ ಹಿಡಿಸುತ್ತಾ?’

ಯಶವಂತಪುರದ ಮಾರುಕಟ್ಟೆಗೆ ಹೋಗಿ ಎರಡು ಕೋಲು ತಂದೆ, ಒಂದು ಇವಳಿಗೆ, ಒಂದು ಆ ಅಜ್ಜಿಗೆ. ಮುಂದಿನ ತಿಂಗಳು ಅಕ್ಕ ಅಲ್ಲಿಗೆ ಹೊರಟಿದ್ದಾಳೆ. ದೊಡ್ಡ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿಟ್ಟರೆ ಹಿಡಿಸುತ್ತದೆ, ಅಳೆದು ನೋಡಿದ್ದೇನೆ.