ಅಕೀ ಟಾವೆಲ್ ಬ್ಯಾರೆ ಇಟ್ಟಾಕಿ ನಾನೇ

ಮುಂದಿನ ತಿಂಗಳ ನನ್ನ ಮಗಳ ಕುಬಸ ಅದ. ಉಡಿ ತುಂಬೂ ಐದು ಮಂದಿ ಮುತ್ತೈದೇರ ಹೆಸರು ಬರಕೊಳ್ಳಿಕ್ಕೆ ಕೂತಾಗ ಮೊದಲು ನನ್ನ ನೆಗೆಣ್ಣಿ ಹೆಸರು ಬರದೆ. ಬಾಜೂಕ ಕೂತಿದ್ದ ಅತ್ತ್ಯಾರು ಚಷ್ಮಾ ಏರಿಸಿ ನೋಡಿ, "ಅಕೀ ಕೈ ಹಂಗ ಅವ, ಬಸರ ಹುಡಗಿಗೆ..." ಅಂತ ಅರ್ಧಕ್ಕ ಬಿಟ್ರು. ನನಗ ಸಿಟ್ಟು ಬಂತು. ಆದ್ರ ಸಿಟ್ಟಿಗೇಳೂ ಹಕ್ಕು ನನಗರೆ ಎಲ್ಲದ? ಎಂಟು ವರ್ಷದ ಹಿಂದ ಅಕೀ ಟಾವೆಲ್, ಹಣಗಿ, ನೀರು ಕುಡಿಯೂ ತಂಬಗಿ ಎಲ್ಲಾ ಬ್ಯಾರೆ ಇಟ್ಟಾಕಿ ನಾನೇ.

ಆಗ ಅಕೀಗೆ ಮೊಣಕೈ, ಮೊಣಕಾಲು, ತಲಿ ಹಿಂದ ಕೆಂಪನೆ ದಪ್ಪ ಕಲಿ ಎದ್ದಿದ್ವು. ಮ್ಯಾಲೆ ಬೆಳ್ಳಿ ಬಣ್ಣದ ಹೊಟ್ಟು. ನಾವು ಏಳೂದರಾಗ ಹಾಸಗಿ ಝಾಡಿಸಿ, ಕೆಳಗ ಬಿದ್ದದ್ದನ್ನ ಉಡುಗಿ ಮುಗಿಸಿರತಿದ್ಲು. ನಾನು ಹುಳಕಡ್ಡಿ ಅಂತ ತಿಳದು, ಲಿಂಬಿಹಣ್ಣು, ಉಪ್ಪು ಹಚ್ಚಿ ಹಿಮ್ಮಡ ತಿಕ್ಕೂ ಕಲ್ಲಿಲೆ ತಿಕ್ಕು ಅಂದೆ. ತಿಕ್ಕಿದ್ಲು ಪಾಪ, ಕಣ್ಣಾಗ ನೀರು ತಂದಕೊಂಡು. ಸ್ವಲ್ಪ ದಿನಕ್ಕ ಗೀರಿದ ಜಾಗಾದಾಗೂ ಹೊಸಾವು ಎದ್ವು. ಚರ್ಮದ ಡಾಕ್ಟರು ಇದು ಸೋರಿಯಾಸಿಸ್, ಚರ್ಮಕ್ಕ ಗಾಯ ಆದಲ್ಲೆ ಹೊಸಾದು ಏಳಬಹುದು, ಯಾರು ತಿಕ್ಕಲಿಕ್ಕೆ ಹೇಳಿದ್ರು ಅಂತ ಕೇಳಿದಾಗ ನಾನು ಗ್ವಾಡಿ ಕಡೆ ನೋಡಿದೆ. ಅಕಿ ನನ್ನ ಹೆಸರು ಹೇಳಲಿಲ್ಲ.

ಡಾಕ್ಟರ ಮಾತು ನನಗ ಪೂರಾ ತಿಳೀಲಿಲ್ಲ. ಆಗ ನರ್ಸಿಂಗ್ ಓದತಿದ್ದ ಅಕೀ ಮಗಳು ಹಳೇ ಕ್ಯಾಲೆಂಡರ್ ಹಿಂದ ಚಿತ್ರ ತಗದು ಹೇಳಿದ್ಲು. "ದೊಡ್ಡವ್ವ, ಇದು ಹೊರಗಿಂದ ಹತ್ತಿದ್ದಲ್ಲ. ರೋಗದ ಕ್ರಿಮಿ ಕೂಡ ಬಡದಾಡಲಿಕ್ಕೆ ನಮ್ಮ ರಕ್ತದಾಗ ಬಿಳಿ ಕಣ ಇರತಾವಲ್ಲ, ಅದರಾಗಿನ ಟಿ ಕೋಶ ಅನ್ನೂವು ಕಳ್ಳ ಇಲ್ಲದ ಕಳ್ಳ ಬಂದಾ ಅಂತ ಒದರತಾವ. ಐಎಲ್-17 ಅನ್ನೂ ಸುದ್ದಿ ಕಳಸತಾವ. ಅದನ್ನ ಕೇಳಿ ಚರ್ಮ ಗಡಿಬಿಡಿ ಮಾಡತದ." ಚರ್ಮದ ಕೋಶ ತಳದಾಗ ಹುಟ್ಟಿ, ಬಲತು, ಮ್ಯಾಲೆ ಬಂದು ಉದರಲಿಕ್ಕೆ ಸುಮಾರು ಒಂದು ತಿಂಗಳು ಬೇಕಂತ. ಇವರಿಗೆ ಒಂದು ವಾರದೊಳಗ ಮ್ಯಾಲೆ ಬಂದುಬಿಡತಾವ. ಹಿಟ್ಟು ಹುದಗು ಬರೂಕಿಂತ ಮೊದಲ ದ್ವಾಸಿ ಹೊಯ್ದ ಹಂಗ; ಹಸೀದೇ ಒಂದರ ಮ್ಯಾಲೊಂದು ಕೂತು ಹೊಟ್ಟಾಗತಾವ.

ಮೊದಲು ಡಾಕ್ಟರುಗಳೂ ತಪ್ಪು ಚರ್ಮದ್ದೇ ಅಂತ ತಿಳದಿದ್ರಂತ. 1979ರಾಗ ಕೀಲುಬ್ಯಾನಿಗೆ ಸೈಕ್ಲೋಸ್ಪೊರಿನ್ ಕೊಟ್ಟು ನೋಡುವಾಗ ಸೋರಿಯಾಸಿಸ್ ಇದ್ದವರ ಚರ್ಮ ತಿಳಿ ಆತು. ಆ ಔಷಧ ಟಿ ಕೋಶಗಳನ್ನ ಸುಮ್ಮನ ಕೂಡಸೂವಂಥಾದ್ದು. ಅಲ್ಲಿಂದ ಸಂಶಯ ಒಳಗಿನವರ ಮ್ಯಾಲೆ ಹೋತು.

ನನಗ ಇನ್ನೊಂದು ಪ್ರಶ್ನೆ ಇತ್ತು. ಪೂರಾ ಮಾಯ್ದ ಮ್ಯಾಲೂ ಅದೇ ಮೊಣಕೈಗೆ ಯಾಕ ಬರತದ? ಪಥ್ಯ ಬಿಟ್ಟಾಳ ಅಂತ ನಾನು ಒಳಗೊಳಗ ಬೈಯತಿದ್ದೆ. ಪಥ್ಯದ್ದಲ್ಲ ಅದು. ಕೆಂಪು ಹೋದ್ರೂ ಕೆಲವು ಟಿ ಕೋಶ ಅಲ್ಲೇ ಚರ್ಮದಾಗ ಠಿಕಾಣಿ ಹೂಡಿರತಾವಂತ, ಹಳೇ ಜಗಳಾ ನೆನಪಿಟಗೊಂಡು ಕಟ್ಟಿ ಮ್ಯಾಲೆ ಕೂತವರ ಹಂಗ. ಗಂಟಲಬ್ಯಾನಿ ಆಗಲಿ, ಮನಸಿಗೆ ಬ್ಯಾಸರಾಗಲಿ, ಒಂದು ನೆವ ಸಾಕು.

ಈಗ ಅಕಿ ಮೆಥೊಟ್ರೆಕ್ಸೇಟ್ ಗುಳಗಿ ತೊಗೋತಾಳ. ವಾರಕ್ಕ ಒಂದೇ ದಿನ. ದಿನಾ ತೊಗೊಂಡ್ರ ಜೀವಕ್ಕ ಅಪಾಯ. ಅದಕ್ಕ ಕ್ಯಾಲೆಂಡರದಾಗ ಪ್ರತಿ ರವಿವಾರಕ್ಕ ಗೋಲ ಹಾಕ್ಯಾಳ. ನಡು ನಡುವ ರಕ್ತ ತಪಾಸ್ ಮಾಡಸತಾಳ.

ಅತ್ತ್ಯಾರಿಗೆ ಇಷ್ಟೂ ಹೇಳಿದೆ. "ಮುಟ್ಟಿದ್ರ ಬರೂದಿಲ್ಲೇನು ಹಂಗಾರ?" ಅಂದ್ರು. ಮುಟ್ಟಿದ್ರ ಬರೂದಿಲ್ಲ, ಅಕೀ ತಾಟಿನಾಗ ಉಂಡ್ರ ಬರೂದಿಲ್ಲ, ಅಕಿ ಲಟ್ಟಿಸಿದ ಹೋಳಿಗಿ ತಿಂದ್ರ ಬರೂದಿಲ್ಲ. ಮನೆತನದಾಗ ರಕ್ತಸಂಬಂಧಕ್ಕ ಬರಬಹುದು, ಅದು ಬ್ಯಾರೆ ಮಾತು. ಕುಬಸಕ್ಕ ಬರೂ ನೀವೆಲ್ಲಾರೂ ಇದನ್ನ ಓದತೀರಿ ಅಂತನೇ ಈಗಲೇ ಬರದೀನಿ.

ನಿನ್ನೆ ಅಕೀಗೆ ಫೋನ್ ಹಚ್ಚಿದ್ದೆ. "ಅಕ್ಕಾ, ಉದ್ದನ ತೋಳಿನ ಜಂಪರ್ ಹೊಲಿಲಿಕ್ಕೆ ಹಾಕೀನಿ, ಯಾರಿಗೂ ಕಾಣಸೂದಿಲ್ಲ" ಅಂದ್ಲು. ಈ ಬಿಸಲಾಗ ಉದ್ದನ ತೋಳು ಯಾಕವಾ, ಟೇಲರಗೆ ಹೇಳಿ ಕತ್ತರಸು ಅಂದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮ್ಯಾಲೆ, "ನೋಡ್ತೀನಿ" ಅಂದ್ಲು.