ಭಾಗ 4: ಬಾಹ್ಯಾಕಾಶಕ್ಕೆ ಯಾವ ಮ್ಯೂಸಿಕ್?

'ಟ್ರಾವೆಲರ್' 1977ರ ಆಟ. ದಾಳ ಹಾಕ್ಕೊಂಡು, ಬಾಯಲ್ಲೇ ಬಾಹ್ಯಾಕಾಶದ ಕಥೆ ಕಟ್ಟೋದು. ನಮ್ಮ ಗ್ಯಾಂಗಲ್ಲಿ ಹಿನ್ನೆಲೆ ಸಂಗೀತ ನನ್ನ ಡಿಪಾರ್ಟ್‌ಮೆಂಟು.

ಸಾಹಿತ್ಯ ಇರೋ ಹಾಡು ಬೇಡ, ಕಿವಿ ಅತ್ತ ಹೋಗುತ್ತೆ. 'ಸ್ಟಾರ್ ವಾರ್ಸ್' ಟ್ಯೂನೂ ಬೇಡ, ತಲೇಲಿ ಆ ಸಿನಿಮಾನೇ ಓಡುತ್ತೆ. ಹಡಗು ಸುಮ್ನೆ ತೇಲುವಾಗ ಬ್ರಯಾನ್ ಈನೊ ಅವರ 'ಅಪೊಲೊ' (1983). ಮಳೆ ಸುರಿಯೋ ನಗರಕ್ಕೆ ವ್ಯಾಂಗೆಲಿಸ್ ಅವರ 'ಬ್ಲೇಡ್ ರನ್ನರ್'.

ವಾಲ್ಯೂಮ್ ಎಷ್ಟು? ನಮ್ಮಲ್ಲೊಬ್ಬಳು ತುಂಬಾ ಮೆಲ್ಲಗೆ ಮಾತಾಡ್ತಾಳೆ. ಅವಳ ಮಾತು ಟೇಬಲ್ಲಿನ ಆ ತುದಿಗೂ ಕೇಳಿಸ್ಬೇಕು, ಅಷ್ಟೇ ಲೆಕ್ಕ. ಹೋದ ವಾರ ಅವಳ ಪಾತ್ರ ಹಡಗಿನ ಹೊರಗೇ ಉಳಿದುಬಿಡ್ತು. ಮ್ಯೂಸಿಕ್ ಪೂರ್ತಿ ನಿಲ್ಲಿಸಿದೆ. "ಬಾಗ್ಲು ತೆಗೀರೋ" ಅಂದ್ಲು, ಮೆಲ್ಲಗೇ. ಯಾವಾಗಲೂ ಅವಳ ಮಾತಿನ ಮಧ್ಯೆ ಬಾಯಿ ಹಾಕೋರೆಲ್ಲ ಆವತ್ತು ಸುಮ್ನೆ ಕೂತು ಕೇಳಿದ್ರು.

ನಿಮ್ಮ ಟೇಬಲ್ಲಲ್ಲಿ ಏನು ಓಡುತ್ತೆ? ಹೇಳಿ.